ಡಬ್ಬಿಯ ಹಿಟ್ಟಿನ ಡೋನಟ್ ಹೋಲ್ಸ್ (ಕರಿದು ಸಕ್ಕರೆಯಲ್ಲಿ ಹೊರಳಿಸಿದ ಪುಟ್ಟ ಉಂಡೆಗಳು): ಒಳಗೂ ಬೇಯುವಂತೆ ಮಾಡಿದವರು ದಯವಿಟ್ಟು ತಿಳಿಸಿ

ಹಾಸನದವಳು, ಒಹಾಯೊ:
ಶನಿವಾರ ಮಗಳ ಹುಟ್ಟುಹಬ್ಬಕ್ಕೆ ಹದಿನೈದು ಮಕ್ಕಳು ಬರುತ್ತಾರೆ. ತಣ್ಣಗಿನ ಬಿಸ್ಕಿಟ್ ಹಿಟ್ಟಿನ ಡಬ್ಬಿ (ಇಲ್ಲಿ ಬಿಸ್ಕಿಟ್ ಎಂದರೆ ಮೆತ್ತಗಿನ ಬನ್ನಿನಂಥದ್ದು) ತಂದು, ಒಂದೊಂದು ಬಿಲ್ಲೆಯನ್ನೂ ನಾಲ್ಕು ಭಾಗ ಮಾಡಿ ಉಂಡೆ ಕಟ್ಟಿ ಕರಿದೆ. ಹೊರಗೆ ಕಂದು ಬಣ್ಣ ಬಂತು, ಒಳಗೆ ಹಸಿಯಾಗಿಯೇ ಇತ್ತು. ಬಾಡಿಗೆ ಮನೆ, ಸುರುಳಿ ಕಾಯುವ ವಿದ್ಯುತ್ತಿನ ಕಾಯಿಲ್ ಒಲೆ. ಮೊಟ್ಟೆ ಇರಬಾರದು. ಅನುಭವವಿದ್ದವರು ಹೇಳಿದರೆ ಉಪಕಾರವಾಗುತ್ತದೆ.

ಶಿವಮೊಗ್ಗದವನು, ಡಲ್ಲಾಸ್:
ನಾನು ಮೊದಲು ಹಣ ಹಾಕಿದ್ದು ಹಿಟ್ಟಿಗಲ್ಲ, ಎಣ್ಣೆಯ ಶಾಖ ಅಳೆಯುವ ಥರ್ಮಾಮೀಟರಿಗೆ. ಹದಿನೆಂಟು ಡಾಲರ್ ಎಂದು ಮನೆಯಲ್ಲಿ ಗೊಣಗಾಟವಾಯಿತು, ಆದರೆ ಇವತ್ತಿಗೂ ಅದೇ ನನ್ನ ಮಾನ ಉಳಿಸುತ್ತಿದೆ. ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಸೆಲ್ಸಿಯಸ್ ಇರಬೇಕು. ಅದು 400ರ ಹತ್ತಿರ ಹೋದರೆ ಹಿಟ್ಟಿನ ಮೇಲ್ಮೈ ಅರೆಕ್ಷಣದಲ್ಲಿ ಕಪ್ಪಾಗುತ್ತದೆ, ನಡುವಿನ ತಣ್ಣನೆಯ ತಿರುಳಿಗೆ ಬಿಸಿ ತಲುಪುವುದೇ ಇಲ್ಲ. ಎಂಟು ಬಿಲ್ಲೆಗಳ 16.3 ಔನ್ಸ್ ಡಬ್ಬಿಯಿಂದ ಮೂವತ್ತೆರಡು ಉಂಡೆ ಬರುತ್ತವೆ. ಪದರ ಪದರವಾಗಿ ಬಿಡಿಸಿಕೊಳ್ಳುವ ಜಾತಿಯ ಡಬ್ಬಿಯನ್ನು ಮಾತ್ರ ತರಬೇಡಿ, ಕರಿಯುವಾಗ ಉಂಡೆ ಎರಡಾಗಿ ಬಾಯಿ ಬಿಡುತ್ತದೆ. ಇನ್ನು ಖರ್ಚಿನ ಮಾತು: ಹಿಟ್ಟು ಅಗ್ಗ, ಆದರೆ ಬಾಣಲೆಯಲ್ಲಿ ಎರಡು ಅಂಗುಲ ನಿಲ್ಲುವಷ್ಟು ಎಣ್ಣೆಗೆ ಅದರ ಮೂರು ಪಟ್ಟು ತೆರಬೇಕಾಯಿತು. ಆ ಎಣ್ಣೆಗೆ ಚಕ್ಕೆಯ ವಾಸನೆ ಹತ್ತಿ, ಮರುದಿನದ ಹಪ್ಪಳವನ್ನು ಯಾರೂ ಮುಟ್ಟಲಿಲ್ಲ.

ಟೊರಾಂಟೊ ಅತ್ತೆ:
ಇಷ್ಟೆಲ್ಲ ಏಕೆ ಬೇಕು ಎಂಬುದೇ ನನಗೆ ಅರ್ಥವಾಗುವುದಿಲ್ಲ. ನಮ್ಮ ಕೆನಡಾದಲ್ಲಿ ಟಿಮ್ ಹಾರ್ಟನ್ಸ್ ಎಂಬ ಕಾಫಿ ಅಂಗಡಿ 1976ರಿಂದ ಟಿಂಬಿಟ್ಸ್ ಎಂಬ ಹೆಸರಿನಲ್ಲಿ ಇಂಥ ಉಂಡೆಗಳನ್ನೇ ಮಾರುತ್ತಿದೆ. ಒಂದು ಪೆಟ್ಟಿಗೆ ತಂದರೆ ಮುಗಿಯಿತು. ನಾನು ಮನೆಯಲ್ಲಿ ಕರಿದ ದಿನ ಸ್ಮೋಕ್ ಅಲಾರಂ ಕೂಗಿಕೊಂಡು, ಪಕ್ಕದ ಮನೆಯ ಮುದುಕಿ ನಿಲುವಂಗಿಯಲ್ಲೇ ಹೊರಗೆ ಬಂದು ನಿಂತರು. ಪರದೆಗೆ ಹಿಡಿದ ಕಮಟು ವಾಸನೆ ಎರಡು ಸಲ ಒಗೆದರೂ ಹೋಗಲಿಲ್ಲ. ಎಣ್ಣೆ, ಸಕ್ಕರೆ, ಚಕ್ಕೆಪುಡಿ, ಕಾಗದದ ಟವೆಲ್, ಪರದೆ ಒಗೆಸಿದ್ದು ಎಲ್ಲವನ್ನೂ ಕೂಡಿಸಿ ನೋಡಿದರೆ ಅಂಗಡಿಯದೇ ಅಗ್ಗ.

ಕುಂದಾಪುರದ ಹೆಂಗಸು, ನ್ಯೂಜೆರ್ಸಿ:
ಅತ್ತೆಯವರೇ, ಕೇಳಿದವರು ಮೊಟ್ಟೆ ಇರಬಾರದು ಎಂದು ಸ್ಪಷ್ಟವಾಗಿ ಬರೆದಿದ್ದಾರೆ, ಓದಿ ಉತ್ತರಿಸಬಹುದಿತ್ತು. ನಾನಂತೂ ಈ ಡಬ್ಬಿಯ ಹಿಟ್ಟನ್ನೇ ಬಿಟ್ಟಿದ್ದೇನೆ, ಅದರಲ್ಲಿ ಉಪ್ಪೇ ಮುಂದು. ಸೂಪರ್‌ಮಾರ್ಕೆಟ್ಟಿನಲ್ಲಿ ಚೀಲದಲ್ಲಿ ಸಿಗುವ ಪಿಜ್ಜಾ ಹಿಟ್ಟು ಯೀಸ್ಟಿನದು. ಅದನ್ನು ತಂದು, ಚೂರು ಸಕ್ಕರೆ ಸೇರಿಸಿ ನಾದಿ, ಉಂಡೆ ಕಟ್ಟಿ, ಒದ್ದೆ ಬಟ್ಟೆ ಮುಚ್ಚಿ ಉಬ್ಬುವವರೆಗೆ ಬಿಟ್ಟು ಕರಿದರೆ ಒಳಗೆ ಹತ್ತಿಯ ಹಾಗಿರುತ್ತದೆ. ಡಬ್ಬಿಯವರು ಅದನ್ನು ಕನಸಿನಲ್ಲೂ ಕಾಣಲಾರರು.

ಶಿವಮೊಗ್ಗದವನು, ಡಲ್ಲಾಸ್:
ಉಬ್ಬಲು ಗಂಟೆಗಟ್ಟಲೆ ಕಾಯುವುದಾದರೆ ಇದು ಬೇಗ ಆಗುವ ತಿಂಡಿ ಹೇಗಾಗುತ್ತದೆ? ಡಬ್ಬಿಯ ಹಿಟ್ಟನ್ನು ಹಗುರವಾಗಿ ಕಾಣಬೇಡಿ. ಕೆಂಟಕಿಯ ಲೂಯಿವಿಲ್ಲಿನಲ್ಲಿ ಬೇಕರಿ ನಡೆಸುತ್ತಿದ್ದ ಲೈವ್ಲಿ ವಿಲ್ಲೋಬಿ 1931ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬೇಕಿಂಗ್ ಪೌಡರಿನ ಅನಿಲ ಒಳಗಿನಿಂದ ಒತ್ತುವುದರಿಂದಲೇ ಡಬ್ಬಿ ಠಪ್ಪೆಂದು ತೆರೆದುಕೊಳ್ಳುವುದು, ಹಾಗಾಗಿ ತೆರೆದ ಮೇಲೆ ಆ ಹೊತ್ತಿನಲ್ಲೇ ಕರಿದು ಮುಗಿಸಬೇಕು. ತೆರೆದಿಟ್ಟು ಫೋನಿನಲ್ಲಿ ಹರಟಿದವರೇ ಆಮೇಲೆ ಹಿಟ್ಟನ್ನು ಬೈಯುತ್ತಾರೆ.

ಕುಂದಾಪುರದ ಹೆಂಗಸು, ನ್ಯೂಜೆರ್ಸಿ:
ಹರಟುವವರು ಯಾರು ಎಂಬುದು ಮೇಲಿನ ಬರಹದ ಉದ್ದದಲ್ಲೇ ಕಾಣುತ್ತದೆ.

ಏರ್ ಫ್ರೈಯರ್ ಭಕ್ತ, ಸಿಯಾಟಲ್:
ಇಬ್ಬರೂ ಎಣ್ಣೆಯಲ್ಲೇ ಮುಳುಗಿದ್ದೀರಿ. ಬಿಸಿ ಗಾಳಿಯಲ್ಲಿ ಬೇಯಿಸುವ ಏರ್ ಫ್ರೈಯರಿನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಐದಾರು ನಿಮಿಷ ಇಟ್ಟು, ನಡುವೆ ಒಮ್ಮೆ ಬುಟ್ಟಿ ಅಲುಗಿಸಿ, ಇಳಿಸಿದ ಕೂಡಲೇ ಕರಗಿದ ಬೆಣ್ಣೆ ಸವರಿ ಸಕ್ಕರೆಯಲ್ಲಿ ಹೊರಳಿಸಿದರೆ ಸಾಕು. ನಾನು ಈ ಯಂತ್ರಕ್ಕೆ ಬಂದದ್ದು ಸುಮ್ಮನೆ ಅಲ್ಲ: ನಮ್ಮ ಜೊತೆಗಿದ್ದ ಗೆಳೆಯ ಕರಿದ ಎಣ್ಣೆಯನ್ನು ಸಿಂಕಿಗೆ ಸುರಿದ, ಅದು ಕೊಳವೆಯಲ್ಲಿ ಗಟ್ಟಿಯಾಯಿತು, ಭಾನುವಾರ ಬಂದ ಪ್ಲಂಬರ್ ಇನ್ನೂರ ನಲವತ್ತು ಡಾಲರ್ ಕಿತ್ತ, ಮನೆಯೊಡೆಯ ಅದನ್ನು ಠೇವಣಿಯಿಂದ ಬೇರೆ ಕಳೆದ. ಆ ಗೆಳೆಯ ಅರ್ಧ ಹಣವನ್ನು ಇನ್ನೂ ಕೊಟ್ಟಿಲ್ಲ.

ಟೊರಾಂಟೊ ಅತ್ತೆ:
ಬಿಸಿ ಗಾಳಿಯಲ್ಲಿ ಬೇಯಿಸಿದ್ದು ಬನ್ನು, ಡೋನಟ್ ಅಲ್ಲ. ನಾನು ತಿಂದಿದ್ದೇನೆ, ಗಂಟಲಿಗೆ ಹಿಡಿಯುತ್ತದೆ.

ಏರ್ ಫ್ರೈಯರ್ ಭಕ್ತ, ಸಿಯಾಟಲ್:
ಪೆಟ್ಟಿಗೆಯಲ್ಲಿ ತಂದು ತಿನ್ನುವವರು ಕರಿಯುವುದರ ಬಗ್ಗೆ ತೀರ್ಪು ಕೊಡುವುದು ಸೊಗಸಾಗಿದೆ.

ಹಾಸನದವಳು, ಒಹಾಯೊ:
ಎಲ್ಲರಿಗೂ ವಂದನೆಗಳು. ನನ್ನ ಒಲೆಯ ಬಗ್ಗೆ ಯಾರಾದರೂ ಹೇಳುವಿರಾ?

ಶಿವಮೊಗ್ಗದವನು, ಡಲ್ಲಾಸ್:
ಕಾಯಿಲ್ ಒಲೆ ತಾನಾಗಿ ಹೊತ್ತಿ ಆರುತ್ತಿರುವುದರಿಂದ ಎಣ್ಣೆಯ ಶಾಖ ಏರಿಳಿಯುತ್ತಲೇ ಇರುತ್ತದೆ. ಶಾಖವನ್ನು ಹಿಡಿದಿಡುವ ದಪ್ಪ ಕಬ್ಬಿಣದ ಬಾಣಲೆ ಇಡಿ, ಗುಂಡಿಯನ್ನು ಮಧ್ಯಮದಲ್ಲೇ ಬಿಡಿ, ಒಂದು ಸಲಕ್ಕೆ ಆರಕ್ಕಿಂತ ಹೆಚ್ಚು ಉಂಡೆ ಹಾಕಬೇಡಿ. ತಣ್ಣನೆಯ ಹಿಟ್ಟು ಹೆಚ್ಚಾದಷ್ಟೂ ಎಣ್ಣೆ ತಣಿದು ಉಂಡೆ ಎಣ್ಣೆ ಕುಡಿಯುತ್ತದೆ. ಕಾಲುಭಾಗದ ಉಂಡೆಯೂ ಹಸಿ ಉಳಿದರೆ ಆರು ಭಾಗ ಮಾಡಿ. ಮೊದಲ ಉಂಡೆಯನ್ನು ಮುರಿದು ನೋಡದೆ ಎರಡನೆಯದನ್ನು ಹಾಕಲೇಬೇಡಿ. ಮೊಟ್ಟೆಯ ವಿಷಯಕ್ಕೆ ಡಬ್ಬಿಯ ಮೇಲಿನ ಪಟ್ಟಿಯನ್ನೇ ಓದಿಕೊಳ್ಳಿ, ನಮ್ಮ ಮಾತನ್ನು ನಂಬಬೇಡಿ.

ಕುಂದಾಪುರದ ಹೆಂಗಸು, ನ್ಯೂಜೆರ್ಸಿ:
ಈ ಒಂದು ಉತ್ತರ ಸರಿಯಿದೆ, ಒಪ್ಪುತ್ತೇನೆ. ಆದರೆ ಸಕ್ಕರೆಯ ಮಾತು ಬಿಟ್ಟಿದ್ದಾರೆ. ಹರಳು ಸಕ್ಕರೆ ಮತ್ತು ಚಕ್ಕೆಪುಡಿಯಲ್ಲಿ ಬಿಸಿಯಿರುವಾಗಲೇ ಹೊರಳಿಸಿ, ಇಲ್ಲದಿದ್ದರೆ ಅಂಟುವುದಿಲ್ಲ. ಪುಡಿ ಸಕ್ಕರೆಯಾದರೆ ಪೂರ್ತಿ ಆರಿದ ಮೇಲೆ, ಬಿಸಿಗೆ ಅದು ಕರಗಿ ಅಂಟಂಟಾಗುತ್ತದೆ. ಶುಕ್ರವಾರ ರಾತ್ರಿಯೇ ಪಿಜ್ಜಾ ಹಿಟ್ಟು ತಂದಿಡಲು ಈಗಲೂ ಸಮಯವಿದೆ, ಅಕ್ಕ.

ಶಿವಮೊಗ್ಗದವನು, ಡಲ್ಲಾಸ್:
ಹದಿನೈದು ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಯೀಸ್ಟ್ ಉಬ್ಬುವುದನ್ನು ಕಾಯುವವರು ನೀವೇ ಬಂದು ಕಾಯಿರಿ.