ಆಂಡ್ರಾಯ್ಡ್ ಬಿಟ್ಟು ಐಫೋನ್: ಯಾವ ಆ್ಯಪ್ ಇಟ್ಕೋಬೇಕು?

ಪ್ರಶ್ನೆ: ಇಷ್ಟು ದಿನ ಆಂಡ್ರಾಯ್ಡ್, ಈಗ ಐಫೋನ್ ತಗೊಂಡಿದ್ದೇನೆ. ಇನ್ನೂ ಆನ್ ಮಾಡಿಲ್ಲ. ವಾಟ್ಸ್ಆ್ಯಪ್, ಯುಪಿಐ, ಕನ್ನಡ ಟೈಪಿಂಗ್, ಫೋಟೋ ಇವಿಷ್ಟು ದಿನಾ ಬೇಕು. ಗೂಗಲ್ ಆ್ಯಪ್‌ಗಳನ್ನೇ ಹಾಕಿಕೊಳ್ಳಲಾ, ಆಪಲ್‌ನದ್ದನ್ನೇ ರೂಢಿ ಮಾಡಿಕೊಳ್ಳಲಾ? ಬಲ್ಲವರು ತಿಳಿಸಿ.

ಮೈಸೂರಿನಿಂದ:
ಆನ್ ಮಾಡದೇ ಇದ್ದದ್ದು ಒಳ್ಳೇದಾಯ್ತು ಮೇಡಂ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಡ್ರೈವ್‌ಗೆ ಹೋಗಿರೋ ವಾಟ್ಸ್ಆ್ಯಪ್ ಬ್ಯಾಕಪ್ ಐಫೋನ್‌ನಲ್ಲಿ ತೆರೆಯೋದಿಲ್ಲ, ಅದನ್ನು ನಂಬಿಕೊಂಡು ಹಳೇ ಫೋನ್ ಖಾಲಿ ಮಾಡಬೇಡಿ. ಹಳೇ ಫೋನ್‌ಗೆ ಡೇಟಾ ಸಾಗಿಸೋ ಆಪಲ್‌ನ ‘ಮೂವ್ ಟು ಐಒಎಸ್’ ಆ್ಯಪ್ ಹಾಕಿ. ಐಫೋನ್ ಸೆಟಪ್ ಮಾಡುವಾಗ ಆಂಡ್ರಾಯ್ಡ್‌ನಿಂದ ಡೇಟಾ ತರೋ ಆಯ್ಕೆ ಬರುತ್ತೆ, ಅದು ತೋರಿಸೋ ಕೋಡನ್ನು ಹಳೇ ಫೋನ್‌ನಲ್ಲಿ ಕೊಡಿ. ಮುಂದಿನ ಪಟ್ಟಿಯಲ್ಲಿ ವಾಟ್ಸ್ಆ್ಯಪ್ ಗುರುತು ಮಾಡೋದು ಮರೀಬೇಡಿ. ಎರಡೂ ಫೋನ್ ಚಾರ್ಜಿಗೆ ಹಾಕಿರಬೇಕು. ಹಳೇ ಫೋನ್‌ನಲ್ಲಿ ಆ ಆ್ಯಪ್ ಪರದೆ ಮೇಲೇ ಇರಬೇಕು. ಮಧ್ಯೆ ಬೇರೆ ಆ್ಯಪ್ ತೆರೆದರೆ, ಕರೆ ಬಂದರೆ ವರ್ಗಾವಣೆ ಅಲ್ಲೇ ನಿಲ್ಲಬಹುದು. ಆಮೇಲೆ ಐಫೋನ್‌ನಲ್ಲಿ ಅದೇ ನಂಬರಿನಿಂದ ವಾಟ್ಸ್ಆ್ಯಪ್ ಲಾಗಿನ್ ಆಗಿ. ಕರೆಗಳ ಪಟ್ಟಿ ಬರೋದಿಲ್ಲ, ಸಂದೇಶ, ಫೋಟೋ ಬರುತ್ತವೆ. ಸೆಟಪ್ ಮುಗಿಸಿದ ಮೇಲೆ ನೆನಪಾದ್ರೆ ಐಫೋನ್ ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತೆ.

ಹುಬ್ಬಳ್ಳಿಯಿಂದ:
ಯುಪಿಐ ಯಾವ ಆ್ಯಪ್ ಆದರೂ ನಡೀತದರಿ, ಮೊದಲು ಬಳಸೂದನ್ನೇ ಹಾಕ್ಕೊಳ್ರಿ. ಪಿನ್ ಹಳೇದೇ. ಆದ್ರೆ ನಂಬರ್ ಖಾತ್ರಿ ಮಾಡೋ ಎಸ್ಎಂಎಸ್‌ನ ಐಫೋನ್‌ನ್ಯಾಗ ಆ್ಯಪ್ ತಾನಾಗೇ ಕಳಸಂಗಿಲ್ಲ. ಅರ್ಥ ಆಗದ ಅಕ್ಷರಗಳ ಮೆಸೇಜ್ ಒಂದು ತೆರೀತದ, ಅದರಾಗ ಏನೂ ಬದಲಿಸದ ಹಂಗೇ ಕಳಸ್ರಿ. ಎರಡು ಸಿಮ್ ಇದ್ರ ಬ್ಯಾಂಕಿಗೆ ಕೊಟ್ಟ ನಂಬರಿಂದಲೇ ಹೋಗ್ತದೇನು ನೋಡ್ರಿ. ಎಸ್ಎಂಎಸ್‌ಗೆ ಬ್ಯಾಲೆನ್ಸ್ ಇಲ್ಲದೇ ವೆರಿಫಿಕೇಶನ್ ಫೇಲ್ ಆಗೂದೇ ಜಾಸ್ತಿ. ಮತ್ತ ಹೊಸ ಫೋನಿಗೆ ಮೊದಲು ಕೆಲವು ಗಂಟೆ 5,000 ರೂಪಾಯಿ ಮಿತಿ: ಆಂಡ್ರಾಯ್ಡ್‌ಗೆ 24 ತಾಸು ಇದ್ರ, ಐಫೋನಿಗೆ 72 ತಾಸಿನ ತನಕ ಇಡೋ ಬ್ಯಾಂಕ್ ಅದಾವು. ಮನಿ ಬಾಡಿಗಿ, ಫೀಸು ಕಟ್ಟೂದಿದ್ರ ಮುಗಿಸೇ ಹಳೇ ಫೋನಿಂದ ಸಿಮ್ ತಗೀರಿ.

ಶಿವಮೊಗ್ಗದಿಂದ:
ಕನ್ನಡಕ್ಕೆ ಬೇರೆ ಆ್ಯಪ್ ಅನಿವಾರ್ಯ ಅಲ್ಲ. ಸೆಟ್ಟಿಂಗ್ಸ್, ಜನರಲ್, ಕೀಬೋರ್ಡ್, ಅಲ್ಲಿ ಹೊಸ ಕೀಬೋರ್ಡ್ ಸೇರಿಸಿ ಕನ್ನಡ ಆರಿಸಿ. ಗ್ಲೋಬ್ ಗುರುತು ಒತ್ತಿದ್ರೆ ಭಾಷೆ ಬದಲಾಗುತ್ತೆ. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್ ಕೈಗೆ ಹತ್ತಿದ್ದರೆ ಅದೂ ಇದೆ. ಆದರೆ ಪಾಸ್‌ವರ್ಡ್ ಹಾಕೋ ಕಡೆ ತಾನಾಗೇ ಆಪಲ್ ಕೀಬೋರ್ಡ್ ಬರುತ್ತೆ, ಕೆಟ್ಟಿದೆ ಅಂದ್ಕೋಬೇಡಿ.

ಬೆಂಗಳೂರಿನಿಂದ:
ಗೂಗಲ್ಲಾ ಆಪಲ್ಲಾ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. ಜಿಮೇಲ್, ಮ್ಯಾಪ್ಸ್ ಗೂಗಲ್‌ದೇ ಇರಲಿ. ನಮ್ಮ ಹಳ್ಳಿ ದಾರಿ, ಅಂಗಡಿ ವಿವರ ಅದರಲ್ಲೇ ಹೆಚ್ಚು. ನೋಟ್ಸ್, ಅಲಾರಂ ಆಪಲ್‌ದು ಸಾಕು. ಫೋಟೋ ಬ್ಯಾಕಪ್‌ಗೆ ಮಾತ್ರ ಐಕ್ಲೌಡ್ (ಆಪಲ್‌ನ ಆನ್‌ಲೈನ್ ಸಂಗ್ರಹ), ಗೂಗಲ್ ಫೋಟೋಸ್ ಎರಡನ್ನೂ ಆನ್ ಇಡಬೇಡಿ. ಐಕ್ಲೌಡ್‌ನಲ್ಲಿ ಉಚಿತ ಜಾಗ 5 ಜಿಬಿ, ಬೇಗ ತುಂಬಿ ಸೂಚನೆ ಬರ್ತಾನೇ ಇರುತ್ತೆ. ಗೂಗಲ್‌ದು 15 ಜಿಬಿ, ಜಿಮೇಲ್ ಸೇರಿ. ಗೂಗಲ್ ಫೋಟೋಸ್ ಇಟ್ಟುಕೊಂಡರೆ ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಆನ್ ಇರಲಿ, ಲೋ ಪವರ್ ಮೋಡ್‌ನಲ್ಲಿ ಬ್ಯಾಕಪ್ ನಿಲ್ಲುತ್ತೆ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಇಡಿ. ಇಲ್ಲದಿದ್ದರೆ ಫೋಟೋ ಎಚ್ಇಐಸಿ ಅನ್ನೋ ಬೇರೆ ಬಗೆಯ ಫೈಲ್ ಆಗಿ ಸೇವ್ ಆಗುತ್ತೆ, ಜೆಪಿಜಿ ಮಾತ್ರ ತಗೊಳ್ಳೋ ಅರ್ಜಿ ಪುಟಗಳು ಅದನ್ನು ತಿರಸ್ಕರಿಸಬಹುದು.

ಮಂಗಳೂರಿನಿಂದ:
ಇವರು ಹೇಳಿದ್ದಕ್ಕೆ ಎರಡು ಸೇರಿಸುವೆ. ಲಾಗಿನ್‌ಗೆ ಒಟಿಪಿ ಕೊಡುವ ಗೂಗಲ್ ಅಥೆಂಟಿಕೇಟರ್ ಆ್ಯಪ್ ಇದ್ದರೆ ಹಳೆ ಫೋನಿನಲ್ಲಿ ಎಕ್ಸ್‌ಪೋರ್ಟ್ ಒತ್ತಿ ಬರುವ ಕ್ಯೂಆರ್ ಕೋಡನ್ನು ಹೊಸದರಲ್ಲಿ ಸ್ಕ್ಯಾನ್ ಮಾಡಿ. ಹಳೆ ಫೋನ್ ರೀಸೆಟ್ ಮಾಡಿದ ಮೇಲೆ ಈ ದಾರಿ ಮುಚ್ಚುತ್ತದೆ. ಹಾಗೆಯೇ ಕಾಂಟ್ಯಾಕ್ಟ್ಸ್ ತೆರೆದು ಯಾವ ನಂಬರು ಸಿಮ್‌ನಲ್ಲಿ, ಯಾವುದು ಫೋನಿನಲ್ಲಿ ಉಳಿದಿದೆ ನೋಡಿ, ಎಲ್ಲವನ್ನೂ ಗೂಗಲ್ ಖಾತೆಗೆ ಸರಿಸಿ. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್ ಐಫೋನಿಗೆ ಬರುವುದಿಲ್ಲ, ತಿಂಗಳ ಚಂದಾ ಇದ್ದರೆ ಅಲ್ಲೇ ರದ್ದು ಮಾಡಿ, ಆ್ಯಪ್ ತೆಗೆದರೆ ಚಂದಾ ನಿಲ್ಲದು.