ಒಸಡಿನ ರಕ್ತಸ್ರಾವಕ್ಕೂ ಸಕ್ಕರೆ ಕಾಯಿಲೆಗೂ ಸಂಬಂಧವಿದೆಯೇ?

ಪ್ರಶ್ನೆ (ದಾವಣಗೆರೆಯಿಂದ):
ನಮ್ಮ ತಂದೆಯವರಿಗೆ 61 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಊಟ, ನಡಿಗೆ ಯಾವುದರಲ್ಲೂ ವ್ಯತ್ಯಾಸವಾಗದಿದ್ದರೂ ಈಚಿನ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ರಕ್ತಪರೀಕ್ಷೆ) ಶೇ. 8.4 ಬಂದಿದೆ. ಹಲ್ಲುಜ್ಜುವಾಗ ರಕ್ತ ಬರುತ್ತದೆ, ಕೆಳಸಾಲಿನ ಮುಂದಿನ ಹಲ್ಲುಗಳ ಬುಡ ಕಾಣುವಷ್ಟು ಒಸಡು ಸರಿದಿದೆ, ರೊಟ್ಟಿ ಕಡಿಯುವಾಗ ಒಂದು ಹಲ್ಲು ಅಲ್ಲಾಡುತ್ತದೆ. ವೈದ್ಯರು ದಂತವೈದ್ಯರನ್ನೂ ಕಾಣುವಂತೆ ಹೇಳಿದ್ದಾರೆ. ಆದರೆ ಸಕ್ಕರೆ ಇರುವವರು ಹಲ್ಲಿಗೆ ಕೈ ಹಾಕಿಸಬಾರದು, ಕ್ಲೀನಿಂಗ್ ಮಾಡಿಸಿದರೆ ಗಟ್ಟಿ ಹಲ್ಲೂ ಸಡಿಲವಾಗುತ್ತದೆ ಎಂದು ದೊಡ್ಡಪ್ಪನವರು ತಡೆಯುತ್ತಿದ್ದಾರೆ. ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1 (ದಂತವೈದ್ಯೆ):
ಸಂಬಂಧವಿದೆ, ಅದೂ ಎರಡೂ ಕಡೆಯಿಂದ. ರಕ್ತದಲ್ಲಿ ಸಕ್ಕರೆ ದೀರ್ಘಕಾಲ ಏರಿದ್ದಾಗ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಕುಂದುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ, ಹಲ್ಲಿನ ಬುಡದಲ್ಲಿ ಕೂತ ಬ್ಯಾಕ್ಟೀರಿಯಾಗಳಿಗೆ ಒಸಡು ತೋರುವ ಉರಿಯೂತ ಅತಿಯಾಗಿ, ಹಲ್ಲನ್ನು ಹಿಡಿದಿರುವ ಮೂಳೆಯೇ ಕರಗುತ್ತಾ ಹೋಗುತ್ತದೆ. ಇತ್ತ ಆ ಉರಿಯೂತದಿಂದ ಹೊರಟ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿಪಡಿಸುವುದರಿಂದ ಸಕ್ಕರೆಯನ್ನು ಹತೋಟಿಗೆ ತರುವುದು ಕಷ್ಟವಾಗುತ್ತದೆ.

ಇನ್ನು ಹಲ್ಲು ಸಡಿಲವಾಗುವ ಮಾತು. ಒಸಡಿಗೂ ಹಲ್ಲಿಗೂ ನಡುವಿನ ಸಂದಿಯನ್ನು ಗೆರೆಗಳಿರುವ ಸಪೂರ ಕಡ್ಡಿಯಿಂದ ಅಳೆಯುತ್ತೇವೆ. ಆರೋಗ್ಯವಂತ ಒಸಡಿನಲ್ಲಿ ಅದು 3 ಮಿಲಿಮೀಟರ್ ಮೀರುವುದಿಲ್ಲ. ಐದು, ಆರು ಮಿಲಿಮೀಟರ್ ಕಡ್ಡಿ ಇಳಿಯುವ ಕಡೆ ಸಾಮಾನ್ಯವಾಗಿ ಮೂಳೆ ಆಗಲೇ ಹೋಗಿರುತ್ತದೆ, ಸುತ್ತ ಗಟ್ಟಿಗಟ್ಟಿದ ಕಿಟ್ಟ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಕಿಟ್ಟ ತೆಗೆದ ಮೇಲೆ ಮುಂಚಿನಿಂದಲೇ ಇದ್ದ ಸಡಿಲತನ ಬಯಲಾಗುತ್ತದೆ, ಅಷ್ಟೇ. ದೊಡ್ಡಪ್ಪನವರಿಗೆ ಎಕ್ಸ್‌ರೇ ತೋರಿಸಿದರೆ ನನ್ನ ವಿವರಣೆಗಿಂತ ಬೇಗ ಅರ್ಥವಾದೀತು.

ಉತ್ತರ 2 (ಸಾರ್ವಜನಿಕ ಆರೋಗ್ಯ ವಿಭಾಗದವರು):
ಮೇಲಿನದನ್ನು ಒಪ್ಪುತ್ತೇನೆ, ಆದರೆ ನಿರೀಕ್ಷೆಗೊಂದು ಮಿತಿ ಇರಲಿ. 1993ರಲ್ಲೇ ಒಸಡು ರೋಗವನ್ನು ಮಧುಮೇಹದ ಆರನೆಯ ತೊಡಕು ಎಂದು ಕರೆಯಲಾಗಿತ್ತು. ಅಮೆರಿಕದ ಅರಿಜೋನಾದ ಮೂಲನಿವಾಸಿಗಳಾದ ಪೀಮಾ ಸಮುದಾಯದವರನ್ನು ವರ್ಷಗಟ್ಟಲೆ ಗಮನಿಸಿದಾಗ, ಒಸಡು ತೀವ್ರವಾಗಿ ಹಾಳಾಗಿದ್ದ ಮಧುಮೇಹಿಗಳಲ್ಲಿ ಸಕ್ಕರೆ ಹತೋಟಿ ತಪ್ಪುವುದು ಹೆಚ್ಚೆಂದು ಕಂಡಿತು. ಒಸಡಿಗೆ ಚಿಕಿತ್ಸೆ ಮಾಡಿದರೆ ಸಕ್ಕರೆ ಇಳಿಯುತ್ತದೆಯೇ ಎಂಬುದಕ್ಕೆ ಮಾತ್ರ ಎಲ್ಲ ಕಡೆ ಒಂದೇ ರೀತಿಯ ಫಲ ಬಂದಿಲ್ಲ. 2013ರಲ್ಲಿ ಪ್ರಕಟವಾದ, 514 ಜನರಿದ್ದ ಅಮೆರಿಕದ ಅಧ್ಯಯನದಲ್ಲಿ ಎಚ್‌ಬಿಎ1ಸಿ ಇಳಿಯಲಿಲ್ಲ. ಅಲ್ಲಿ ಚಿಕಿತ್ಸೆಯ ನಂತರವೂ ಒಸಡು ಸಾಕಷ್ಟು ವಾಸಿಯಾಗಿರಲಿಲ್ಲ ಎಂಬ ಟೀಕೆ ಬಂತು, ನನಗೂ ಅದು ಸರಿಯೆನಿಸುತ್ತದೆ. ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2022ರ ವಿಮರ್ಶೆಯ ಪ್ರಕಾರ, ಚಿಕಿತ್ಸೆಯ ಮೂರು ನಾಲ್ಕು ತಿಂಗಳ ಬಳಿಕ ಎಚ್‌ಬಿಎ1ಸಿ ಸರಾಸರಿ 0.43 ಅಂಶ ಕಡಿಮೆಯಾಗುತ್ತದೆ. ನಿಮ್ಮ ತಂದೆಯವರ 8.4 ಇದರಿಂದಲೇ 7ಕ್ಕೆ ಇಳಿಯಲಾರದು, ಮಾತ್ರೆ ನಿಲ್ಲಿಸುವಂತೆಯೂ ಇಲ್ಲ.

ಉತ್ತರ 3:
ನಾನೂ ಮಧುಮೇಹಿಯಾಗಿ ಈ ಚಿಕಿತ್ಸೆ ಮಾಡಿಸಿಕೊಂಡವನಾದ್ದರಿಂದ ಒಂದು ಮಾತು. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ಎಂದಿನಂತೆ ತಿಂಡಿ ತಿಂದು ಮಾತ್ರೆ ನುಂಗಿ ಬೆಳಗಿನ ಹೊತ್ತೇ ಹೋಗುವುದು ಲೇಸು, ಇಲ್ಲವಾದರೆ ಕುರ್ಚಿಯಲ್ಲೇ ಸಕ್ಕರೆ ಇಳಿದು ಬೆವರುವ ಸಂಭವವಿದೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಚೀಟಿಯನ್ನು ಮೊದಲೇ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೇಳಲು ಬಿಟ್ಟಿದ್ದ ಒಂದು ಸಂಗತಿಯಿದೆ: ತಂದೆಯವರು ಈಚೆಗೆ ಬೀಡಿ ಬಿಟ್ಟಿದ್ದಾರೆ, ಬಿಟ್ಟ ಮೇಲೆಯೇ ರಕ್ತ ಹೆಚ್ಚಾಯಿತೆಂದು ಹೇಳಿ ಮತ್ತೆ ಸೇದಲು ನೆಪ ಹುಡುಕುತ್ತಿದ್ದಾರೆ.

ಉತ್ತರ 1 (ದಂತವೈದ್ಯೆ):
ಅವರು ಗಮನಿಸಿದ್ದು ನಿಜವೇ ಇರಬಹುದು, ಕಟ್ಟಿದ ಅರ್ಥ ಮಾತ್ರ ತಪ್ಪು. ಹೊಗೆಯ ಪ್ರಭಾವದಲ್ಲಿ ಒಸಡು ಒಳಗೆ ಹಾಳಾಗುತ್ತಿದ್ದರೂ ರಕ್ತ ಕಡಿಮೆ ಬರುತ್ತದೆ. ಬೀಡಿ ಬಿಟ್ಟ ಕೆಲವು ವಾರಗಳಲ್ಲಿ ಮುಚ್ಚಿಹೋಗಿದ್ದ ರಕ್ತಸ್ರಾವ ಹೊರಗೆ ಕಾಣತೊಡಗುತ್ತದೆ. ಬೀಡಿ ಸೇದುತ್ತಿದ್ದ ವಿಷಯವನ್ನು ದಂತವೈದ್ಯರಿಗೆ ತಪ್ಪದೆ ತಿಳಿಸಿ, ಚಿಕಿತ್ಸೆ ಮುಗಿದು ಮೂರು ತಿಂಗಳಾದ ಮೇಲೆ ಒಸಡಿನ ಅಳತೆ ಮತ್ತು ಎಚ್‌ಬಿಎ1ಸಿ ಎರಡನ್ನೂ ಮತ್ತೆ ನೋಡಿಸಿ.