ಕೋವಿ ಹಕ್ಕು ಇದ್ದರೆ ಆಫೀಸಿನ ಗೇಟೂ ದಾಟಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮ ಊರು ವಿರಾಜಪೇಟೆ ಹತ್ತಿರ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಕೆಲಸದಲ್ಲಿದ್ದೇನೆ. ಅಪ್ಪ ತೀರಿಕೊಂಡ ಮೇಲೆ ಅವರ ಸಿಂಗಲ್ ಬ್ಯಾರಲ್ ಕೋವಿ ನನಗೆ ಬಂತು. ಲೈಸೆನ್ಸ್ ಬೇಡ ಎಂಬ ವಿನಾಯಿತಿ ಪತ್ರ ನನ್ನ ಹೆಸರಲ್ಲೇ ಇದೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಒಯ್ದು, ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆಗೆ ಇಟ್ಟಿದ್ದೆವು. ಮರುದಿನ ನಸುಕಿಗೇ ಹೊರಟೆ. ಮನೆಗೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ, ನೇರ ಆಫೀಸಿಗೆ ಬಂದೆ. ಕೋವಿ ಚೀಲದಲ್ಲಿ, ಚೀಲ ಕಾರಿನ ಡಿಕ್ಕಿಯಲ್ಲಿ. ಕಾಡತೂಸು ಒಂದೂ ಇರಲಿಲ್ಲ. ಮಧ್ಯಾಹ್ನ ಸೆಕ್ಯೂರಿಟಿಯವರು ಕರೆದು ಡಿಕ್ಕಿ ತೆಗೆಸಿದರು. ಈಗ ಎಚ್‌ಆರ್‌ನಿಂದ ನೋಟಿಸ್ ಬಂದಿದೆ. ಪಾರ್ಕಿಂಗ್ ಸೇರಿ ಕಂಪನಿಯ ಜಾಗದಲ್ಲಿ ಆಯುಧ ತರಬಾರದು ಎಂಬ ನಿಯಮ ಮುರಿದಿದ್ದೀರಿ, ಮೂರು ದಿನದಲ್ಲಿ ಉತ್ತರ ಕೊಡಿ ಎಂದಿದ್ದಾರೆ. ಸರ್ಕಾರವೇ ಕೊಡವರಾದ ನಮಗೆ ಹಕ್ಕು ಕೊಟ್ಟಿದೆ, ಅಲ್ವಾ ಸರ್? ಕಂಪನಿ ಹೇಗೆ ಬೇಡ ಎನ್ನುತ್ತದೆ?

ವಕೀಲರ ಉತ್ತರ: ನಾನೂ ಮಡಿಕೇರಿಯವನು. ನಮ್ಮ ಮನೆಯಲ್ಲೂ ಕೋವಿ ಇದೆ. ನಿಮಗೆ ಎಷ್ಟು ನೋವಾಗಿದೆ ಎಂದು ಗೊತ್ತಾಗುತ್ತದೆ. ಆದರೂ ನೇರವಾಗಿ ಹೇಳುತ್ತೇನೆ. ನೀವು ಎರಡು ಬೇರೆ ವಿಷಯಗಳನ್ನು ಒಂದೇ ಎಂದುಕೊಂಡಿದ್ದೀರಿ.

ಮೊದಲು ಪೊಲೀಸ್ ಭಯ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು. ಅದೇ ಕಾಯ್ದೆಯ 41ನೇ ಸೆಕ್ಷನ್ ಕೆಲವರಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ (ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರಿಗೂ) ಸಿಕ್ಕಿರುವುದು ಇದೇ. ಇದರ ಬೇರು 1861ರಷ್ಟು ಹಿಂದಿನದು. 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿದರು. 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಜಿಲ್ಲೆಯ ಹೊರಗೆ ಹೋದರೂ ಇದು ಇರುತ್ತದೆ, ಆದರೆ ಮಿತಿ ಇದೆ: ಒಂದು ರೈಫಲ್ ಮತ್ತು 100 ಗುಂಡು, ನಳಿಗೆಯ ಒಳಭಾಗ ನಯವಾಗಿರುವ (ಸ್ಮೂತ್ ಬೋರ್) ಒಂದು ಕೋವಿ ಮತ್ತು 500 ಕಾಡತೂಸು. ನಿಮ್ಮ ಹತ್ತಿರ ಇದ್ದದ್ದು ಒಂದೇ ಖಾಲಿ ಕೋವಿ, ಅದೂ ಚೀಲದೊಳಗೆ. ಪತ್ರ ಸರಿಯಾಗಿದ್ದರೆ ಅದನ್ನು ಬೆಂಗಳೂರಿಗೆ ತಂದದ್ದು ಅಪರಾಧ ಅಲ್ಲ.

ಆದರೆ ಈ ವಿನಾಯಿತಿ ಲೈಸೆನ್ಸ್‌ನಿಂದ ಮಾತ್ರ. ಇನ್ನೊಬ್ಬರ ಜಾಗಕ್ಕೆ ಕೋವಿ ತೆಗೆದುಕೊಂಡು ಹೋಗುವ ಹಕ್ಕನ್ನು ಅದು ಕೊಡುವುದಿಲ್ಲ. ನನ್ನ ಮನೆಗೆ ಬರುವವರಿಗೆ ಕೋವಿ ಹೊರಗಿಟ್ಟು ಬನ್ನಿ ಎಂದು ನಾನು ಹೇಳಬಹುದು. ಕಂಪನಿಯೂ ಹಾಗೇ ಹೇಳಿದೆ. ಕೆಲಸಕ್ಕೆ ಸೇರುವಾಗ ನೀವು ಸಹಿ ಹಾಕಿದ ಕಾಗದಗಳಲ್ಲಿ ಈ ನಿಯಮ ಇರುತ್ತದೆ, ಹುಡುಕಿ ನೋಡಿ. ಹಾಗಾಗಿ ಉತ್ತರದಲ್ಲಿ 'ಇದು ನನ್ನ ಹಕ್ಕು' ಎಂದು ಬರೆಯಬೇಡಿ. ವಿನಾಯಿತಿ ಪತ್ರದ ಪ್ರತಿ ಲಗತ್ತಿಸಿ. ಎಲ್ಲಿಂದ ಬಂದಿರಿ, ಏಕೆ ನೇರ ಬಂದಿರಿ, ಕೋವಿ ಹೇಗೆ ಇತ್ತು, ಇಷ್ಟನ್ನು ಇದ್ದ ಹಾಗೆ ಬರೆಯಿರಿ. ಒಂಬತ್ತು ವರ್ಷದಲ್ಲಿ ಬೇರೆ ದೂರು ಇಲ್ಲದಿದ್ದರೆ ಅದನ್ನೂ ಸೇರಿಸಿ. ಇದೇ ಮೊದಲ ತಪ್ಪಾದರೆ ಕೆಲಸದಿಂದ ತೆಗೆಯುವುದು ಜಾಸ್ತಿಯಾಯಿತು ಎಂದು ವಾದಿಸಬಹುದು.

ಒಂದು ಮಾತು ಕೇಳಬೇಕು. ಬೆಳಿಗ್ಗೆ ಗೇಟಿನಲ್ಲಿ ಡಿಕ್ಕಿ ನೋಡಲಿಲ್ಲವಾ?

ಪ್ರಶ್ನೆ ಕೇಳಿದವರು: ನೋಡಿದರು ಸರ್. ಉದ್ದ ಚೀಲ ಏನು ಎಂದು ಕೇಳಿದರು. ನಾನು ಹಾಕಿ ಆಟದ ಕಿಟ್ ಎಂದುಬಿಟ್ಟೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು. ಆಮೇಲೆ ತಡೆಯಲಾಗದೆ ಟೀಮಿನ ಒಬ್ಬನಿಗೆ ಹೇಳಿದೆ. ಅಲ್ಲಿಂದ ಮಾತು ಮೇಲೆ ಹೋಯಿತು. ಗೇಟಿನಲ್ಲಿದ್ದವರನ್ನು ಈಗ ಡ್ಯೂಟಿಯಿಂದ ಇಳಿಸಿದ್ದಾರೆ.

ವಕೀಲರ ಉತ್ತರ: ಹಾಗಾದರೆ ನಿಮ್ಮ ಕೇಸಿನ ತೂಕ ಕೋವಿಯಲ್ಲಿ ಇಲ್ಲ, ಆ ಮಾತಿನಲ್ಲಿದೆ. ಮರೆತು ತಂದೆ ಎಂದರೆ ನಂಬುತ್ತಾರೆ. ಕೇಳಿದಾಗ ಸುಳ್ಳು ಹೇಳಿದರೆ ಗೊತ್ತಿದ್ದೇ ತಂದಿರಿ ಎಂದಾಗುತ್ತದೆ. ವಿಚಾರಣೆಯಲ್ಲಿ ಇದೇ ಮೊದಲ ಪ್ರಶ್ನೆ. ಅವರು ಕೇಳುವ ಮೊದಲೇ ನೀವೇ ಬರೆಯಿರಿ. ಗಾರ್ಡ್ ತಮ್ಮ ಕೆಲಸ ಸರಿಯಾಗಿ ಮಾಡಿದರು, ಪ್ರಶ್ನೆ ಕೇಳಿದರು, ದಾರಿ ತಪ್ಪಿಸಿದ್ದು ನಾನು ಎಂದು ಸ್ಪಷ್ಟವಾಗಿ ಹಾಕಿ. ಇದು ನಿಮ್ಮ ವಾದಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಲೆಕ್ಕ ಹಾಕಬೇಡಿ. ಹನ್ನೆರಡು ಗಂಟೆ ನಿಂತು ದುಡಿಯುವ ಮನುಷ್ಯನ ಅನ್ನದ ವಿಷಯ. ಆ ಸಾಲು ಇಲ್ಲದ ಪತ್ರವನ್ನು ನಾನು ತಿದ್ದಿಕೊಡುವುದಿಲ್ಲ.

ಇನ್ನೊಬ್ಬ ಸದಸ್ಯರು (ಟೆಕ್ಸಸ್): ಇಲ್ಲಿ ಕಾರಿನಲ್ಲಿ ಗನ್ ಇಟ್ಟರೆ ಕಂಪನಿ ಏನೂ ಮಾಡುವ ಹಾಗಿಲ್ಲ ಎನ್ನುತ್ತಾರೆ. ನಿಜವಾ? ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಒಂದು ಕೊಳ್ಳುವ ಯೋಚನೆ ಇದೆ.

ಡಲ್ಲಾಸ್‌ನ ವಕೀಲೆಯ ಉತ್ತರ: ಅರ್ಧ ನಿಜ. 2011ರ ಟೆಕ್ಸಸ್ ಕಾನೂನಿನ ಪ್ರಕಾರ, ಕಾನೂನುಬದ್ಧವಾಗಿ ಗನ್ ಇರುವ ನೌಕರರು ಅದನ್ನು ಬೀಗ ಹಾಕಿದ ಸ್ವಂತ ಕಾರಿನಲ್ಲಿ ಕಂಪನಿಯ ಪಾರ್ಕಿಂಗ್‌ನಲ್ಲಿ ಇಡುವುದನ್ನು ಕಂಪನಿ ಸಾಮಾನ್ಯವಾಗಿ ತಡೆಯುವಂತಿಲ್ಲ. ಕೆಲವು ಜಾಗಗಳಿಗೆ ವಿನಾಯಿತಿ ಇದೆ, ಕಂಪನಿಯೇ ಕೊಟ್ಟ ಕಾರಿಗೆ ಇದು ಅನ್ವಯಿಸುವುದಿಲ್ಲ. ಕಟ್ಟಡದೊಳಗೆ ಬೇಡ ಎನ್ನುವ ಅಧಿಕಾರ ಕಂಪನಿಗೆ ಹಾಗೇ ಇದೆ. ಆದರೆ ನಿಮ್ಮ ಮಟ್ಟಿಗೆ ಆ ಪ್ರಶ್ನೆಯೇ ಆಮೇಲಿನದು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಗನ್ ಅಥವಾ ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗೆಳೆಯರ ಮಾತು ಕೇಳಿ ಅಂಗಡಿಗೆ ಹೋಗಬೇಡಿ. ಕೆಲಸದ ಜೊತೆ ವೀಸಾ ಕೂಡ ಹೋಗಬಹುದು.

ಪ್ರಶ್ನೆ ಕೇಳಿದವರು (ಎರಡು ವಾರದ ನಂತರ): ಸರ್, ನೀವು ಹೇಳಿದ ಹಾಗೇ ಬರೆದೆ. ಲಿಖಿತ ಎಚ್ಚರಿಕೆ ಕೊಟ್ಟರು, ಈ ವರ್ಷದ ಬಡ್ತಿ ಇಲ್ಲ ಎಂದರು. ಒಪ್ಪಿಕೊಂಡೆ. ಗಾರ್ಡ್ ಮತ್ತೆ ಗೇಟಿಗೆ ಬಂದಿದ್ದಾರೆ. ಹೋಗಿ ಕ್ಷಮೆ ಕೇಳಿದೆ. ಈಗ ಇನ್ನೊಂದು ಸಲಹೆ ಬೇಕು. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಅಪ್ಪ ಹಾರಿಸುತ್ತಿದ್ದ ಗುಂಡನ್ನು ನಾನು ಹಾರಿಸಬೇಕು. ಬರುವಾಗ ಮತ್ತೆ ಇದೇ ಪೇಚಿಗೆ ಬೀಳಬಾರದು.

ವಕೀಲರ ಉತ್ತರ: ಸಮಾಧಾನವಾಯಿತು. ಅರ್ಧ ದಿನ ಜಾಸ್ತಿ ರಜೆ ಹಾಕಿ, ಮೊದಲು ಮನೆಗೆ ಹೋಗಿ, ಕೋವಿಯನ್ನು ಬೀಗದ ಕಪಾಟಿನಲ್ಲಿಟ್ಟು ಆಮೇಲೆ ಆಫೀಸಿಗೆ ಹೋಗಿ. ಆಫೀಸಿನ ಹೊರಗೆ ರಸ್ತೆ ಬದಿ ಕಾರಿನಲ್ಲಿ ಬಿಟ್ಟು ಹೋಗುವ ಉಪಾಯ ಮಾತ್ರ ಬೇಡ. ಕಳ್ಳತನವಾದರೆ ತಕ್ಷಣ ಠಾಣೆಗೆ ಹೇಳಬೇಕು, ಏಕೆ ಬಿಟ್ಟು ಹೋದಿರಿ ಎಂಬುದಕ್ಕೂ ಉತ್ತರ ಕೊಡಬೇಕು. ಬೆಂಗಳೂರಿನ ಮನೆಯಲ್ಲಿ ಇಡುವುದೇ ಕಷ್ಟ ಎನಿಸಿದರೆ, ಕೋವಿಗಳನ್ನು ಕಾಪಾಡಲು ಇಟ್ಟುಕೊಳ್ಳುವ ಪರವಾನಗಿ ಪಡೆದ ಅಂಗಡಿಗಳಿವೆ. ಊರಿನ ಹತ್ತಿರದ್ದರಲ್ಲಿ ಇಟ್ಟು ಬನ್ನಿ. ಕೋವಿಯ ನಂಬರ್ ಬರೆದ ರಸೀದಿ ಕೇಳಿ ತೆಗೆದುಕೊಳ್ಳಿ.